ಸಿರುಗುಪ್ಪ ಕಚೇರಿಯ ಹನ್ನೆರಡು ಗಂಟೆ

ಪ್ರಜಾಪೀಡಕರ ಬಗ್ಗೆ ಓದುವುದರಲ್ಲಿ ಒಂದು ಸುಖವಿದೆ. ಅವರು ದೂರದ ಊರಿನವರು, ಸತ್ತು ಬಹಳ ಕಾಲವಾದವರು, ಒಬ್ಬರೂ ನಮ್ಮ ನೆಂಟರಲ್ಲ. ಮದ್ರಾಸಿನಲ್ಲಿ ಬಿ.ಎ. ಓದುವಾಗ ನಾನು ರೋಮಿನ ಅಂಥ ಅರಸರನ್ನೆಲ್ಲ ಓದಿದೆ. ಇಂಗ್ಲೆಂಡಿನಲ್ಲೂ ಒಬ್ಬಿಬ್ಬರಿದ್ದರೆಂದು ಮೇಷ್ಟರು ದನಿ ತಗ್ಗಿಸಿ ಹೇಳಿದ್ದರು. ಪರೀಕ್ಷೆಯಲ್ಲಿ ಅರಸರು ಹಾಗಾಗಲು ಕಾರಣ ಮೂರು ಎಂದು ಬರೆದು ಪಾಸಾದೆ. ಅಧಿಕಾರದ ಮದ, ಹೊಗಳುಭಟರ ಸಹವಾಸ, ಒಳಗಿನ ಹೆದರಿಕೆ. ನಾಲ್ಕನೆಯದು ಇರಬಹುದೆಂದು ನನಗೆ ಆಗ ಅನ್ನಿಸಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ.

ನಮ್ಮ ಕಡೆಯ ಬಯಲಾಟದವರು ಈ ವಿಷಯದಲ್ಲಿ ರೋಮಿನವರಿಗಿಂತ ಸ್ಪಷ್ಟವಾಗಿದ್ದಾರೆ. ರಾಕ್ಷಸರಾಜ ಹಲಗೆ ಮುರಿಯುವಂತೆ ಕುಣಿದು, ಮೂರು ಲೋಕದಲ್ಲಿ ನನಗೆ ಸಮಾನರು ಯಾರೆಂದು ಕೇಳುತ್ತಾನೆ. ಹಿಂದೆ ತಾಳ ಹಿಡಿದು ನಿಂತ ನಾಲ್ವರು ಯಾರೂ ಇಲ್ಲವೆಂದು ಹಾಡುತ್ತಾರೆ. ಆ ನಾಲ್ವರು ಒಂದು ದಿನ ಬಾಯಿ ಮುಚ್ಚಿಕೊಂಡು ನಿಂತರೆ ರಾಕ್ಷಸ ಮುಂದೇನು ಮಾಡುತ್ತಾನೆ ಎಂಬುದನ್ನು ನಾನು ಯಾವ ಆಟದಲ್ಲೂ ನೋಡಿಲ್ಲ.

ಹೋದ ತಿಂಗಳು ಬಳ್ಳಾರಿಯ ನಮ್ಮ ವಾಚನಾಲಯದವರು ಇದೇ ವಿಷಯವಾಗಿ ಒಂದು ಉಪನ್ಯಾಸ ಕೊಡಬೇಕೆಂದು ಕೇಳಿದರು. ಈಗ ನಾನು ಸಾಲೆಯ ಉಪಾಧ್ಯಾಯ. ಯಾರಾದರೂ ತಾವಾಗಿ ಬಂದು ಮಾತಾಡಿ ಎಂದರೆ ಬೇಡವೆನ್ನುವ ಶಕ್ತಿ ಆ ಕಸುಬಿನವರಿಗೆ ಇರುವುದಿಲ್ಲ. ಹಳೆಯ ಮೂರು ಕಾರಣಗಳನ್ನು ಧೂಳು ಕೊಡವಿ ಬರೆಯುತ್ತ ಕುಳಿತಿದ್ದೆ. ನನ್ನ ಹೆಂಡತಿ ಎರಡು ಸಲ ಬಾಗಿಲಿಗೆ ಬಂದು ಹೋಗಿ, ಮೂರನೆಯ ಸಲ ಅಲ್ಲೇ ನಿಂತಳು.

"ದುಷ್ಟ ರಾಜರು ಎಲ್ಲಿ ಹುಟ್ತಾರ ಅಂತ ಆಮ್ಯಾಲ ಬರೀರಿ. ಮೊದಲ ಊಟಕ್ಕ ಏಳ್ರಿ. ನೀವು ಉಂಡು ಏಳೂತನಕ ಈ ಮನ್ಯಾಗ ಹೆಂಗಸ್ರು ಯಾರೂ ಉಣ್ಣಂಗಿಲ್ಲ."

ಇದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ ಎಂದೆ. ಹೌದೆಂದು ತಲೆಯಾಡಿಸಿ, ಎಲೆ ಹಾಕಲು ಹೋದಳು.

ಉಪನ್ಯಾಸಕ್ಕೆ ಕಣ್ಣಾರೆ ಕಂಡ ಒಂದು ಉದಾಹರಣೆ ಬೇಕಿತ್ತು. ನನ್ನಲ್ಲಿ ಒಂದಿತ್ತು. ಹದಿನೈದು ವರ್ಷದಿಂದ ನೂರು ಸಲ ಹೇಳಿ ನಯವಾದ ಕಥೆ. ಆಗ ನಾನು ಸಿರುಗುಪ್ಪದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಮುಂದೆ ಬೇವಿನ ಮರದಲ್ಲಿ ಒಂದು ಕಂಚಿನ ಗಂಟೆ ತೂಗುಹಾಕಿದ್ದರು. ಅದನ್ನು ಹೊಡೆಯುತ್ತಿದ್ದವನು ಹುಲುಗಪ್ಪನೆಂಬ ಜವಾನ, ಅವನಿಗಿಂತ ಮೊದಲು ಅವನಪ್ಪ. ಪಡಸಾಲೆಯ ಕಂಬದ ನೆರಳು ಬೀಳುವ ಕಡೆ ಹುಲುಗಪ್ಪ ಕಲ್ಲುಹಾಸಿನ ಮೇಲೆ ಸುಣ್ಣದ ಗೆರೆಗಳನ್ನು ಎಳೆದಿದ್ದ. ನೆರಳು ಗೆರೆ ಮುಟ್ಟಿದರೆ ಗಂಟೆ. ಬಳ್ಳಾರಿಯಲ್ಲಿ ರೈಲಿನವರದು ಮದ್ರಾಸಿನ ವೇಳೆ, ಕಂಟೋನ್ಮೆಂಟಿನವರದು ತೋಪು ಹಾರಿಸುವ ವೇಳೆ, ನಮ್ಮ ಮನೆಯದು ಮಡಿಯ ವೇಳೆ; ಸಿರುಗುಪ್ಪದಲ್ಲಿ ಇದ್ದುದು ಒಂದೇ, ಹುಲುಗಪ್ಪನ ವೇಳೆ. ಹಚ್ಚೊಳ್ಳಿಯಿಂದ ಅರ್ಜಿ ಹಿಡಿದು ಬಂದ ರೈತರು ಅದನ್ನೇ ನಂಬಿ ಕೂತಿರುತ್ತಿದ್ದರು.

ಆಮೇಲೆ ಹೊಸ ತಹಸೀಲ್ದಾರರು ಬಂದರು. ಅವರ ಜೊತೆ ಬಂಗಾರದ ಜೇಬುಗಡಿಯಾರವೂ ಬಂತು. ಇನ್ನು ಮುಂದೆ ಗಂಟೆ ತಮ್ಮ ಗಡಿಯಾರದಂತೆ ಎಂದು ಹುಕುಂ ಆಯಿತು. ಅವರು ಕೆಟ್ಟವರಲ್ಲ, ಆದರೆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಮರೆಯುತ್ತಿದ್ದರು. ಒಂದು ಬೇಸಗೆಯ ದಿನ ಹುಲುಗಪ್ಪ ಹನ್ನೆರಡು ಹೊಡೆದ. ತಹಸೀಲ್ದಾರರು ಒಳಗಿನಿಂದಲೇ, "ಯಾವನಲೇ ಅವ? ಇನ್ನೂ ಹನ್ನೊಂದು ಹತ್ತು" ಎಂದು ಗದರಿಸುತ್ತ ಹೊರಗೆ ಬಂದರು.

"ನೆಳ್ಳು ಗೆರಿ ಮುಟ್ಟೈತ್ರಿ ಬುದ್ಧಿ. ಸೂರ್ಯ ನೆತ್ತಿ ಮ್ಯಾಲ ಅದಾನ, ನೀವಾ ನೋಡ್ರಿ."

"ಸೂರ್ಯಗ ಈ ಕಚೇರ್ಯಾಗ ಪಗಾರ ಇಲ್ಲ. ನಿನಗ ಐತಿ."

ಈ ಮಾತಿಗೆ ನಾವೆಲ್ಲ ನಕ್ಕೆವು. ಅಷ್ಟು ಒಳ್ಳೆಯ ಮಾತನ್ನು ಮೇಲಧಿಕಾರಿಗಳು ಆಡುವುದು ಅಪರೂಪ. ಬಳಿಕ ಅವರು ನನ್ನ ಕಡೆ ತಿರುಗಿದರು. ಕಚೇರಿಯಲ್ಲಿ ಇನ್ನೊಂದು ಗಡಿಯಾರ ಇದ್ದುದು ನನ್ನ ಹತ್ತಿರ ಮಾತ್ರ, ಬಿ.ಎ. ಪಾಸಾದದ್ದಕ್ಕೆ ಮಾವ ಕೊಟ್ಟದ್ದು. ತೆಗೆದು ತೋರಿಸಿದೆ. ಹನ್ನೊಂದು ಹತ್ತು. ಹುಲುಗಪ್ಪ ಅಂದೇ ಕೆಲಸ ಕಳೆದುಕೊಂಡ. ಆ ವರ್ಷದ ಉಳಿದ ತಿಂಗಳುಗಳಲ್ಲಿ ತಹಸೀಲ್ದಾರರು ಇನ್ನೂ ಏನೇನೋ ಮಾಡಿದರು. ಅವರನ್ನು ತಡೆದು ಕೇಳಿದವರಿಲ್ಲ.

ನನ್ನ ಗಡಿಯಾರ ಆ ದಿನ ನಿಂತುಹೋಗಿತ್ತು. ಕಥೆ ಹೇಳುವಾಗ ಈ ಭಾಗವನ್ನು ನಾನು ಒತ್ತಿ ಹೇಳುತ್ತೇನೆ. ಸರಿಯಾಗಿ ಹನ್ನೊಂದು ಹತ್ತಕ್ಕೆ ನಿಂತಿತ್ತು, ನೋಡಿ ದೈವದ ಆಟ ಎನ್ನುತ್ತೇನೆ. ಕೇಳಿದವರು ಲೊಚಗುಟ್ಟುತ್ತಾರೆ. ಪವಾಡಗಳನ್ನು ನಂಬಬೇಡಿರೆಂದು ಸಾಲೆಯಲ್ಲಿ ಹೇಳಿಕೊಡುವವನು ಈ ಒಂದು ಪವಾಡವನ್ನು ಹದಿನೈದು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದೆ. ಈ ಸಲ ಬರೆಯಲು ಕುಳಿತಾಗ ಮಾತ್ರ ಲೇಖನಿ ಅಲ್ಲಿಗೆ ಬಂದು ನಿಂತಿತು.

ಕುರುಗೋಡಿನಲ್ಲಿ ಹೆಂಡತಿಯ ಅಕ್ಕನ ಮನೆಯಿದೆ. ಹುಲುಗಪ್ಪನೂ ಈಗ ಅದೇ ಊರಿನಲ್ಲಿ ಮಗಳ ಮನೆ ಸೇರಿದ್ದಾನೆಂದು ಕೇಳಿ, ನೆಂಟರ ನೆಪದಲ್ಲಿ ಹೋದೆ. ಬೆಟ್ಟದ ಬಂಡೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯನ್ನು ಕಾಯುತ್ತ ಕುಳಿತಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ.

"ಗಡಿಯಾರದ ರಾಯರಲ್ಲೇನ್ರಿ? ಬರ್ರಿ, ಕುಂದರ್ರಿ. ಕಲ್ಲು ಕಾದೈತಿ, ಚೀಲ ಹಾಕ್ಕೋರಿ."

ಸಿರುಗುಪ್ಪದ ಬೇವಿನ ಮರದಿಂದ ಮಾತು ಶುರುಮಾಡಿದೆ. "ಬೇವಲ್ರಿ, ಹುಣಸಿ" ಎಂದ. ನೆನಪಿನಲ್ಲಿ ಮರವನ್ನೇ ತಪ್ಪು ನೆಟ್ಟುಕೊಂಡಿದ್ದವನು ಇನ್ನೇನನ್ನು ಸರಿಯಾಗಿ ಇಟ್ಟುಕೊಂಡಿರುತ್ತೇನೆ? ಆದರೂ ಹೇಳಿದೆ, ಆ ದಿನ ನನ್ನ ಗಡಿಯಾರ ನಿಂತುಬಿಟ್ಟಿತ್ತಲ್ಲ ಹುಲುಗಪ್ಪ ಎಂದು.

"ನಿಂತಿರಲಿಲ್ರಿ" ಎಂದ, ಮೆಣಸಿನಕಾಯಿಯನ್ನು ಕೈಯಿಂದ ಹರಡುತ್ತ. "ಸಾಹೇಬ್ರು ಒಳಗಿಂದ ಹನ್ನೊಂದು ಹತ್ತು ಅಂದ ಕೂಡ್ಲೇ ನೀವು ಪಡಸಾಲಿ ಮೂಲಿಗಿ ಹೋಗಿ ಗ್ವಾಡಿ ಕಡಿ ಮುಖ ಮಾಡಿ ನಿಂತ್ರಿ. ನಿಮ್ಮ ಮೊಳಕೈ ಆಡ್ತಿತ್ತು. ಮುಳ್ಳು ತಿರುವಾಕ ಹತ್ತೀರಿ ಅಂತ ನನಗ ಗೊತ್ತಾತು."

"ಅವರು ಕೇಳಿದ್ದಕ್ಕ ತಾನೇ?"

"ಎಲ್ಲಿ ಕೇಳಿದ್ರು? ಇನ್ನೂ ಹೊರಗ ಬಂದಿರಲಿಲ್ಲ. ಬಂದ ಮ್ಯಾಲೂ, ನಾನು ಸೂರ್ಯನ್ನ ತೋರಿಸಿದಾಗ, ಸಾಹೇಬ್ರು ತಮ್ಮ ಗಡಿಯಾರ ಕಿವಿಗೆ ಹಚ್ಚಿ ನೋಡಿದ್ರು. ಮಾರಿ ಸಣ್ಣದಾಗಿತ್ರಿ ಪಾಪ. ನಿಮ್ಮದೂ ಹನ್ನೆರಡು ಅಂದಿದ್ರ ಒಳಗ ಹೋಗಿ ಕೀಲಿ ಕೊಟ್ಕೊಂತಿದ್ರು, ಅಷ್ಟ. ನಿಮ್ಮದು ನೋಡಿದ ಮ್ಯಾಲ ನೋಡ್ರಿ, ಎದಿ ಉಬ್ಬಿಸಿದ್ರು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಸಿಟ್ಟಿನ ಮನುಷ್ಯನ ನೆನಪನ್ನು ಸಂಶಯಿಸಲು ಬರುತ್ತದೆ. ಆಗಲೇ ಏಕೆ ಹೇಳಲಿಲ್ಲವೆಂದು ಕೇಳಿದೆ.

"ಯಾರಿಗೆ ಹೇಳ್ಲಿ ರಾಯರ? ಸೂರ್ಯನ ಮಾತಾ ನಡೀಲಿಲ್ಲ" ಎಂದು ನಕ್ಕ. ಬಂಡೆಯ ಬಿರುಕಿಗೆ ನಾಟಿದ್ದ ಅವನ ಕೋಲಿನ ನೆರಳು ಬೀಳುವ ಕಡೆ ಸುಣ್ಣದ ಗೆರೆಗಳಿದ್ದವು. ಹೊಡೆಯಲು ಗಂಟೆಯಿರಲಿಲ್ಲ.

ನಾಲ್ಕನೆಯ ಕಾರಣ ನನಗೆ ಹೀಗೆ ಸಿಕ್ಕಿತು. ಬಳ್ಳಾರಿಗೆ ಮರಳಿ ಅದನ್ನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಹುಲುಗಪ್ಪನ ಹೆಸರು ಹೇಳಿ, ಮುಳ್ಳು ತಿರುವಿದವನು ನಾನೇ ಎಂದು ಸಭೆಯಲ್ಲಿ ಒಪ್ಪಿಕೊಳ್ಳಬೇಕೆಂದು ತೀರ್ಮಾನಿಸಿ, ಆ ಹಾಳೆಯನ್ನು ಎಲ್ಲಕ್ಕೂ ಮೇಲಿಟ್ಟುಕೊಂಡು ವಾಚನಾಲಯಕ್ಕೆ ಹೋದೆ.

ಉಪನ್ಯಾಸ ಸಂಜೆ ಆರಕ್ಕೆ. ಅಧ್ಯಕ್ಷರು ಊರಿನ ಹಿರಿಯ ವಕೀಲರು, ಸಾಲೆಯ ಆಡಳಿತದಲ್ಲೂ ಅವರ ಮಾತು ನಡೆಯುತ್ತದೆ. ಆರಾಯಿತು, ಆರೂಕಾಲಾಯಿತು, ಸೆಕೆಯಲ್ಲಿ ಇಪ್ಪತ್ತು ಜನ ಬೀಸಣಿಗೆ ಬೀಸಿಕೊಳ್ಳುತ್ತ ಕುಳಿತಿದ್ದರು. ಆರೂವರೆಗೆ ಅವರ ಬಂಡಿ ಬಂತು. ಒಳಗೆ ಬಂದು, ರುಮಾಲು ಸರಿಮಾಡಿಕೊಂಡು, ನನ್ನ ಕಡೆ ನೋಡಿ ಕೇಳಿದರು.

"ಏನ್ರಿ ರಾಯರ, ಇನ್ನೂ ಆರು ಆಗಿಲ್ಲಲ್ಲ?"

ಸಭೆಯಲ್ಲಿ ಇನ್ನೂ ಮೂವರ ಜೇಬಿನಲ್ಲಿ ಗಡಿಯಾರವಿತ್ತು. ಮೂವರೂ ನನ್ನನ್ನೇ ನೋಡುತ್ತಿದ್ದರು. ನನ್ನದು ಅಂಗೈಯಲ್ಲೇ ಇತ್ತು, ಚೆನ್ನಾಗಿ ನಡೆಯುತ್ತಿತ್ತು.

"ಈಗಷ್ಟ ಆರು ಆತ್ರಿ" ಎಂದೆ. ಮೇಲಿನ ಹಾಳೆಯನ್ನು ಎಲ್ಲಕ್ಕೂ ಕೆಳಗೆ ಸೇರಿಸಿ ಎದ್ದು ನಿಂತು, ಪ್ರಜಾಪೀಡಕರು ಹುಟ್ಟಲು ಕಾರಣ ಮೂರು ಎಂದು ಪ್ರಾರಂಭಿಸಿದೆ.