ಮಾಳಿಗೆಯ ಮೇಲೆ ಹಾಲೇಶನ ಹವಾಗಣಕ

"ಅತ್ತಿಗೆ, ಬಿಸಿಲಿಗೆ ಕಾಯೋ ಕಾಲ ಮುಗೀತು! ಇನ್ಮೇಲೆ ಬಿಸಿಲೇ ನಮ್ಮ ಮಾತು ಕೇಳ್ತೈತಿ!"

ನನ್ನ ಮೈದುನ ಹಾಲೇಶ ಹೀಗೆ ಕೂಗಿಕೊಂಡು ಮಾಳಿಗೆಗೆ ಬಂದಾಗ ನಾನು ಹಸಿ ಸಂಡಿಗೆಗಳ ನಡುವೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆ. ತಿಂಗಳು ಏಪ್ರಿಲ್, ಊರು ದಾವಣಗೆರೆ, ಆದರೂ ಆಕಾಶದ ತುಂಬ ಮೋಡ! ಮೂರು ದಿನದಿಂದ ಇದೇ ಗೋಳು. ಭಾನುವಾರ ರಾಣೇಬೆನ್ನೂರಿನಲ್ಲಿ ಬಸುರಿ ಮಗಳು ಅನುಪಮಳ ಕುಬುಸದ ಶಾಸ್ತ್ರ. ತವರಿನ ಬುತ್ತಿಯ ಜೊತೆ ಐದು ಡಬ್ಬಿ ಸಂಡಿಗೆ ಹೋಗಬೇಕು. ಹೋದ ಸಲ ಕಳಿಸಿದ್ದನ್ನು ಬೀಗಿತ್ತಿ ಶಾಂತವೀರಮ್ಮ ನೆಂಟರೆದುರಿಗೆ ಎತ್ತಿ ಹಿಡಿದು, "ಇದು ಸಂಡಿಗೆನೋ, ಚಪ್ಪಲಿ ಅಟ್ಟೆನೋ?" ಎಂದು ಕೇಳಿದ್ದರಂತೆ. ಅದನ್ನು ಹೇಳುತ್ತ ಮಗಳು ಫೋನಿನಲ್ಲೇ ಅತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಈ ಸಲ ಗರಿಗರಿ ಆಗದಿದ್ದರೆ ಆ ಊರಿನಲ್ಲಿ ನಾನು ಮುಖ ಎತ್ತಿ ಓಡಾಡುವಂತಿಲ್ಲ!

ಹಾಲೇಶ ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುವವನು. ನಲವತ್ತೊಂದಾದರೂ ಮದುವೆಯಾಗದೆ ಯಂತ್ರಗಳನ್ನೇ ಸಾಕಿಕೊಂಡಿದ್ದಾನೆ. ಹೋದ ವರ್ಷ ಅವನ ರೊಟ್ಟಿ ತಟ್ಟುವ ಯಂತ್ರ ನನ್ನ ಬಳೆಗಳನ್ನೂ ಸೇರಿಸಿ ತಟ್ಟಿತ್ತು. ಈಗ ಹಳೆಯ ಏರ್ ಕೂಲರಿಗೆ ನಾಲ್ಕು ಫ್ಯಾನು, ಮೂರು ಮೊಳ ತಾಮ್ರದ ಪೈಪು, ಮೇಲೊಂದು ಲ್ಯಾಪ್‌ಟಾಪ್ ಬಿಗಿದು ತಂದಿದ್ದ. ಹೆಸರು ಹವಾಗಣಕವಂತೆ!

"ಊರು ಭೂಪಟದಾಗೆ ಎಲ್ಲಿ ಐತಿ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಐತಿ, ಇಷ್ಟು ಕೊಟ್ರೆ ಸಾಕು. ಅಲ್ಲಿ ಎಷ್ಟು ಶಾಖ, ಎಷ್ಟು ಗಾಳಿ, ಎಷ್ಟು ಮಳೆ ಇರಬೇಕು ಅಂತ ಸಾಫ್ಟ್‌ವೇರ್ ಅಂದಾಜು ಮಾಡ್ತೈತಿ!"

"ಅಂದಾಜು ನಾನೂ ಮಾಡ್ತೀನಿ. ಏಪ್ರಿಲ್‌ನಾಗೆ ಬಿಸಿಲು ಇರಬೇಕು. ಎಲ್ಲೈತೋ ಅದು?"

"ಅದೇ ಮಜಾ ಅತ್ತಿಗೆ! ಲೆಕ್ಕಕ್ಕೂ ಹವೆಗೂ ತಾಳೆ ಆಗ್ಲಿಲ್ಲ ಅಂದ್ರೆ, ಇದು ಹವೇನೇ ತಿದ್ದುತೈತಿ!"

ಬೇರೆ ದಿನವಾಗಿದ್ದರೆ ಅವನನ್ನು ಯಂತ್ರದ ಸಮೇತ ಕೆಳಗಿಳಿಸುತ್ತಿದ್ದೆ. ಆದರೆ ಶುಕ್ರವಾರ ಬಂದುಬಿಟ್ಟಿತ್ತು! "ಆಯ್ತು, ತಿದ್ದು ಮಾರಾಯ" ಎಂದೆ. ಅವನು ಜೇಬಿನಿಂದ ಹಳದಿ ಕಾಗದವೊಂದನ್ನು ತೆಗೆದು, ನೋಡಿ ನೋಡಿ ಅಂಕಿ ಒತ್ತಿದ.

ಮೊದಲು ತಣ್ಣನೆ ಗಾಳಿ ಬಂತು.

"ಬಿಸಿಲು ಅಂದ್ಯಲ್ಲೋ?"

"ಮಿಷನ್ನು ಹದಕ್ಕೆ ಬರಬೇಕಲ್ರಿ, ತಡೀರಿ!"

ತಡೆದೆ. ಐದು ನಿಮಿಷಕ್ಕೆ ಹಲ್ಲು ಕಟಕಟ ಎನ್ನತೊಡಗಿತು. ಹತ್ತು ನಿಮಿಷಕ್ಕೆ ನಲ್ಲಿಯಿಂದ ತೊಟ್ಟಿಕ್ಕುತ್ತಿದ್ದ ನೀರು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು! ಮೋಡ ಕೆಳಗಿಳಿದು ಬಂತು, ಬಿಳಿ ಪುಡಿ ಉದುರಿತು. ಮಂಡಕ್ಕಿ ಭಟ್ಟಿಯ ಬೂದಿ ಇರಬೇಕು ಎಂದು ಬೈಯಲು ಬಾಯಿ ತೆರೆದೆ. ನಾಲಿಗೆಗೆ ಬಿದ್ದದ್ದು ಮಂಜು! ಸಂಡಿಗೆ ಕದಿಯಲು ಬಂದ ಕಾಗೆಯೊಂದು ಪ್ಯಾರಪೆಟ್ಟಿನ ಮೇಲೆ ಕೂರಲು ಹೋಗಿ, ಸರ್ರನೆ ಜಾರಿ, ಪಕ್ಕದ ಮನೆಯ ಅಂಗಳಕ್ಕೆ ಬಿತ್ತು.

ಆ ಮನೆಯ ತಿಪ್ಪೇಸ್ವಾಮಿ ಏಣಿ ಹತ್ತಿ ಇಣುಕಿದರು. ನಮ್ಮ ಮೇಲೆ ಜಗಳಕ್ಕೇ ಬಂದರು ಎಂದುಕೊಂಡೆ.

"ಕೊಟ್ರಮ್ಮಾರೆ, ಒಂದು ಬಕೆಟ್ ಐಸ್ ತಗಳ್ಲಾ? ಮನೆತುಂಬ ನೆಂಟರು ಬಂದಾರೆ, ಶರಬತ್ತು ಮಾಡ್ಬೇಕಿತ್ತು!"

ಅಷ್ಟರಲ್ಲಿ ಯಂತ್ರ ಕುಯ್ಯೆಂದಿತು. ಪರದೆಯ ಮೇಲೆ ಬರಹ: 'ಈ ಸ್ಥಳದಲ್ಲಿ ನೆಲವಿಲ್ಲ, ಸಮುದ್ರವಿದೆ. ನೀವು ಆರುನೂರು ಮೀಟರ್ ಎತ್ತರದಲ್ಲಿ ಏನು ಮಾಡುತ್ತಿದ್ದೀರಿ?'

"ಸಂಡಿಗೆ ಒಣಗಿಸ್ತಿದೀವಿ ಅಂತ ಹೇಳೋ!" ಎಂದು ಕಿರುಚಿದೆ.

ಹೇಳುವ ಮೊದಲೇ 'ತಿದ್ದಲಾಗುತ್ತಿದೆ' ಎಂದು ಬಂತು. ಕೂಲರಿನೊಳಗಿಂದ ಸಮುದ್ರವೇ ಬುಸುಗುಟ್ಟಿತು! ಐಸಿನಂಥ ತುಂತುರು ಸಂಡಿಗೆಗಳ ಮೇಲೆ ಸಿಡಿದು, ಅಲ್ಲಲ್ಲೇ ಗಟ್ಟಿಯಾಯಿತು.

"ಲೇ ಹಾಲೇಶ! ನಮ್ಮೂರಿನ ಅಂಕಿ ಎಲ್ಲಿಂದ ತಂದ್ಯೋ?"

"ನನ್ನ ಜಾತಕದಿಂದ! ಹುಟ್ಟಿದ ಸ್ಥಳ ಇದೇ ಮನೆ ಅಲ್ವಾ? ಶಾಸ್ತ್ರಿಗಳು ರೇಖಾಂಶ, ಅಕ್ಷಾಂಶ ಎಲ್ಲಾ ಬರೆದಾರೆ. ಬರೆದ ಹಂಗೇ ಒತ್ತೀನಿ!"

"ಮಿಷನ್ನು ಮೊದಲು ಯಾವುದು ಕೇಳ್ತೈತಿ?"

"ಅಕ್ಷಾಂಶ..." ಎಂದವನು ಕಾಗದ ನೋಡಿ, ಅದರಲ್ಲಿ ಮೊದಲು ಬರೆದದ್ದು ರೇಖಾಂಶವೆಂದು ಕಂಡು ಹಣೆ ಬಡಿದುಕೊಂಡ. "ಅಯ್ಯಯ್ಯೋ! ಹದಿನಾಲ್ಕು ಡಿಗ್ರಿ ಉತ್ತರಕ್ಕಿರೋ ದಾವಣಗೆರೆನ ಎಪ್ಪತ್ತೈದು ಡಿಗ್ರಿಗೆ ಒಯ್ದು ಇಟ್ಬಿಟ್ಟೀನಿ! ಉತ್ತರ ಧ್ರುವದ ಪಕ್ಕದ ಸಮುದ್ರ ಅತ್ತಿಗೆ ಇದು!"

ಇಂಥ ಹೊತ್ತಿನಲ್ಲೂ ಅವನ ಕಣ್ಣು ಹೊಳೆಯುತ್ತಿತ್ತು! "ಎಷ್ಟು ಕರಾರುವಾಕ್ಕು ನೋಡ್ರಿ!" ಎಂದು ಕುಣಿಯುತ್ತಿದ್ದ. ನಾನು ಲಟ್ಟಣಿಗೆ ತಂದು ಪ್ಲಗ್ಗನ್ನು ಹೊಡೆದು ಕಿತ್ತೆ. ಎರಡನೇ ಏಟು ಅವನಿಗೇ ಇತ್ತು. ಅವನು ಜಾರಿ ಬಿದ್ದದ್ದರಿಂದ ತಪ್ಪಿಹೋಯಿತು.

ಗಾಳಿ ನಿಂತಿತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಮೂರು ದಿನದ ಶ್ರಮ! ಬಸುರಿ ಮಗಳು ಮತ್ತೆ ಅದೇ ಮಾತು ಕೇಳಬೇಕಲ್ಲ! ಎಸೆಯೋಣವೆಂದು ಒಂದು ಸಂಡಿಗೆ ಎತ್ತಿದೆ. ತೂಕವೇ ಇಲ್ಲ! ಬೆರಳಿನಿಂದ ತಟ್ಟಿದರೆ ಟಣ್ಣೆಂದಿತು.

"ಹೆಪ್ಪುಗಟ್ಟಿ ಒಣಗ್ಯಾವೆ!" ಎಂದು ಹಾಲೇಶ ಚೀರಿದ. "ಒಂದು ಹನಿ ನೀರು ಉಳಿದಿಲ್ಲ! ದೊಡ್ಡ ದೊಡ್ಡ ಕಾರ್ಖಾನೆಯೋರು ಹಿಂಗೇ ಒಣಗಿಸ್ತಾರೆ!"

ಕೆಳಗೆ ಅಡುಗೆಮನೆಗೆ ಓಡಿ ಒಂದನ್ನು ಎಣ್ಣೆಗೆ ಬಿಟ್ಟೆವು. ಅರಳಿತು, ಅರಳುತ್ತಲೇ ಹೋಯಿತು, ಬಾಣಲೆ ದಾಟಿ ಒಲೆಯನ್ನೇ ಮುಚ್ಚಿತು! ಇಬ್ಬರೂ ಬೊಬ್ಬೆ ಹಾಕಿ ಕುಣಿದೆವು. ಆ ಸಡಗರದಲ್ಲಿ ತಿಂದು ನೋಡಲು ಯಾರಿಗೆ ಪುರುಸೊತ್ತು? ಉಳಿದದ್ದನ್ನು ಡಬ್ಬಿಗೆ ತುಂಬಿದೆ.

ಕುಬುಸದ ಊಟಕ್ಕೆ ಬೀಗರ ಅಡುಗೆಮನೆಯಲ್ಲಿ ಸಂಡಿಗೆ ಕರಿದು, ಒಂದೊಂದನ್ನು ಇಬ್ಬಿಬ್ಬರು ಹೊತ್ತು ತಂದು ಬಡಿಸಿದರು. ಶಾಂತವೀರಮ್ಮನವರ ಎಲೆಗೆ ಇಟ್ಟ ಸಂಡಿಗೆಯ ಹಿಂದೆ ಶಾಂತವೀರಮ್ಮನವರೇ ಕಾಣಲಿಲ್ಲ! ಪಂಕ್ತಿಯೆಲ್ಲ ಊಟ ಬಿಟ್ಟು ನೋಡುತ್ತಿತ್ತು. ಅನುಪಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಸಂಡಿಗೆಯ ಆಚೆಯಿಂದ ಕರುಂ ಎಂದು ಸದ್ದಾಯಿತು. ಆಮೇಲೆ ಇನ್ನೊಂದು ಸಲ ಕರುಂ.

ತಿಂದು ತಿಂದು ಒಂದು ಕಿಂಡಿಯಾಯಿತು. ಅದರೊಳಗಿಂದ ಬೀಗಿತ್ತಿಯ ಮುಖ ಕಂಡಿತು.

"ಭಾರಿ ಗರಿಗರಿ ಆಗ್ಯಾವ್ರಿ ಬೀಗರೆ! ಇಂಥ ಸಂಡಿಗೆ ನನ್ನ ಜನ್ಮದಾಗೆ ತಿಂದಿಲ್ಲ!" ಎಂದರು. ಮಗಳು ನಕ್ಕಳು, ನನ್ನ ಕಣ್ಣು ತುಂಬಿ ಬಂತು. ಶಾಂತವೀರಮ್ಮ ಇನ್ನೊಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಆದ್ರೆ ಉಪ್ಪು ಒಂಚೂರು ಮುಂದಾಗೇತಿ" ಎಂದರು.

ಉತ್ತರ ಧ್ರುವದ ಸಮುದ್ರಕ್ಕೆ ನಮ್ಮ ಬೀಗಿತ್ತಿಯ ನಾಲಿಗೆಯ ಪರಿಚಯ ಇರಲಿಲ್ಲವಲ್ಲ, ಏನು ಮಾಡುವುದು!