ಕುದುರೆಯ ಎದೆಬಡಿತ, ಸವಾರರ ಬಾಯಿಬಡಿತ

ಎಮ್ಮೆಗೆ ಇಂಜೆಕ್ಷನ್ ಚುಚ್ಚುವಾಗ ಯಾರೂ ನನಗೆ ಬುದ್ಧಿ ಹೇಳಿದ್ದಿಲ್ಲ. ಕುದುರೆಯ ಪಕ್ಕ ನಿಂತರೆ ಸಾಕು, ದಾರೀಲಿ ಹೋಗುವವರೆಲ್ಲ ಡಾಕ್ಟರಾಗಿಬಿಡುತ್ತಾರೆ. ನಾನು ಪಾಂಡವಪುರದ ಕಡೆ ಇಪ್ಪತ್ತು ವರ್ಷದಿಂದ ದನದ ಡಾಕ್ಟರು. ಈಚೆಗೆ ನಮ್ಮ ಕಡೆ ಕುದುರೆಗಳ ದೂರದ ಸವಾರಿ ಸ್ಪರ್ಧೆ ಶುರುವಾಗಿದೆ. ನಾಲೆ ಏರಿ, ಹೊಲದ ದಾರಿ ಹಿಡಿದು ದಿನವಿಡೀ ಓಟ. ಸುತ್ತಿಗೊಮ್ಮೆ ನಿಲ್ಲಿಸಿ ನಾನು ಕುದುರೆಯ ಎದೆಬಡಿತ ಎಣಿಸಬೇಕು, ನಡಿಗೆ ನೋಡಬೇಕು. ಕೊಟ್ಟ ಹೊತ್ತಿನೊಳಗೆ ಬಡಿತ ನಿಮಿಷಕ್ಕೆ ಅರವತ್ನಾಲ್ಕಕ್ಕೆ ಇಳಿಯದಿದ್ದರೆ, ಇಲ್ಲವೇ ಕಾಲು ಕುಂಟಿದರೆ, ಅಲ್ಲಿಗೆ ಅದರ ಓಟ ಮುಗಿಯಿತು. ಇಷ್ಟು ಮಾಡಲು ಹೋಗಿ ನಾನು ಎಷ್ಟು ಜನರ ಬಾಯಿಗೆ ಬಿದ್ದಿದ್ದೇನೆ ಅಂತ ಹೇಳಿದರೆ ನಿಮಗೆ ನಗು ಬರುತ್ತದೆ. ನನಗಿನ್ನೂ ಮೈ ಉರಿಯುತ್ತದೆ.

ಆರು ತಿಂಗಳು

ಸಿಂಧಘಟ್ಟದ ಹತ್ತಿರ ಹುಣಸೆ ಮರದಡಿ ತಪಾಸಣೆ. ಒಂದು ಕುದುರೆಯ ಬಡಿತ ಎಪ್ಪತ್ತೆರಡು. ಕೊಟ್ಟ ಹೊತ್ತು ಮುಗಿದರೂ ಇಳಿಯಲಿಲ್ಲ. ಅದರ ಸವಾರ ಮಡಚುವ ಕುರ್ಚಿಯಲ್ಲಿ ಎಳನೀರು ಕುಡಿಯುತ್ತಾ ಕೂತಿದ್ದ.

"ಇದಕ್ಕೆ ಇಲ್ಲಿಗೆ ಸಾಕು" ಅಂದೆ.

"ಸ್ವಲ್ಪ ಅಡ್ಜಸ್ಟ್ ಮಾಡಿ ಮೇಡಂ. ನಿಮ್ಮನ್ನ ನೋಡಿ ಹೆದರ್ಕೊಂಡಿದೆ, ಅಷ್ಟೆ."

"ಬೆಳಿಗ್ಗೆ ನನ್ನನ್ನ ನೋಡಿದಾಗ ನಲವತ್ತಿತ್ತು."

"ನಾನು ಈ ದಿನಕ್ಕೋಸ್ಕರ ಆರು ತಿಂಗಳಿಂದ ಕಾಯ್ತಿದ್ದೀನಿ ಮೇಡಂ!" ಅಂತ ಕೂಗಾಡಿದ.

ಎಮ್ಮೆ ಹಗ್ಗ ಹಿಡಿದು ನೋಡುತ್ತಿದ್ದ ಅಜ್ಜಿಯೊಬ್ಬಳು ತಡೆಯಲಾರದೆ ಹೇಳಿದಳು: "ಅಂಗಾರೆ ಇನ್ನಾರು ತಿಂಗ್ಳು ಕಾಯಪ್ಪ. ಕುಂತ್ಕಂಡು ಕಾಯಾದು ನಿಂಗೆ ರೂಢಿ ಆಗೈತಲ್ಲ."

ನಗಬಾರದಿತ್ತು

ಬಾಬುರಾಯನಕೊಪ್ಪಲಿನಲ್ಲಿ ಇನ್ನೊಂದು ಸಲ. ಬಿಸಿಲಲ್ಲಿ ಓಡಿ ಬಂದ ಕುದುರೆಗೆ ಬಕೆಟ್ಟುಗಟ್ಟಲೆ ತಣ್ಣೀರು ಸುರಿಯುತ್ತಿದ್ದೆ. ಹಾಗೆ ಸುರಿದರೇ ಮೈ ಕಾವು ಇಳಿಯುವುದು. ಕುದುರೆ ಹಾಯಾಗಿ ಕಣ್ಣು ಮುಚ್ಚಿತು. ನನಗೂ ಖುಷಿಯಾಗಿ ನಗು ಬಂತು. ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಿಸಿದ ಪ್ರವಾಸಿಗಳು ಇದನ್ನು ವಿಡಿಯೋ ಮಾಡಿದರು. ಸಂಜೆಯ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ನಾನೇ. ಮೇಲೆ ದಪ್ಪಕ್ಷರದಲ್ಲಿ, "ಮೂಕಪ್ರಾಣಿಗೆ ಹಿಂಸೆ ಕೊಡುವ ಹೆಂಗಸು!"

ಅಲ್ಲೇ ಹತ್ತು ಮಾರು ದೂರದಲ್ಲಿ ಒಬ್ಬ ಸವಾರ ಲಗಾಮು ಜಗ್ಗಿ ಜಗ್ಗಿ ಕುದುರೆಯ ಬಾಯಿ ಹರಿದು ರಕ್ತ ಬರಿಸಿದ್ದ. ನಾನು ಅವನನ್ನು ಓಟದಿಂದ ಇಳಿಸಿದ್ದೆ. ಅದೇ ಪ್ರವಾಸಿಗಳು ಅವನ ಜೊತೆ ನಿಂತು ಸೆಲ್ಫಿ ತೆಗೆದುಕೊಂಡು ಹೋದರು.

ಮಾರನೆಯ ದಿನ ಮೇಲಧಿಕಾರಿಗಳ ಫೋನು. "ಏನಮ್ಮಾ ಇದು? ವಿಡಿಯೋ ನಮ್ಮ ಮನೆಯವ್ರಿಗೂ ಬಂದಿದೆ."

"ಸರ್, ನೀವೂ ಡಾಕ್ಟರು. ನೀರು ಹಾಕಿದ್ದು ತಪ್ಪಾ?"

"ನೀರು ಹಾಕಿದ್ದು ಸರಿನಮ್ಮಾ. ನಗ್ತಾ ಯಾಕೆ ಹಾಕಿದ್ರಿ? ಇನ್ಮೇಲೆ ಅಳೋ ಮುಖ ಮಾಡ್ಕೊಂಡು ಹಾಕಿ."

ಸಾಹೇಬರ ಮಂಡಿ

ಬಿಂಡಿಗನವಿಲೆಯ ಹತ್ತಿರ ಆದದ್ದನ್ನು ಮಾತ್ರ ನಾನು ಸಾಯೋವರೆಗೂ ಮರೆಯುವುದಿಲ್ಲ. ಕೆಂಪು ಬಣ್ಣದ ಹೆಣ್ಣು ಕುದುರೆ, ಎಡ ಮುಂಗಾಲು ಕುಂಟುತ್ತಿತ್ತು. ಸವಾರ ದೊಡ್ಡ ಕುಳ, ಊರಿಗೆಲ್ಲ 'ಸಾಹೇಬರು', ಹಿಂದೆ ಜೀಪಿನ ತುಂಬ ಜನ.

"ಕುದುರೆ ಸರಿ ಇದೆ, ನೆಲ ತಗ್ಗುದಿಣ್ಣೆ" ಅಂದರು ಸಾಹೇಬರು. ಸರಿ, ಸಮತಟ್ಟಾದ ರಸ್ತೆಯಲ್ಲೇ ಓಡಿಸಿ ಅಂದೆ. ಹಗ್ಗ ಹಿಡಿದು ಜೊತೆಗೇ ಓಡಿದರು. ಕುದುರೆ ಇನ್ನೂ ಹೆಚ್ಚು ಕುಂಟಿತು. ನೋಡಿದರೆ ಸಾಹೇಬರೂ ಕುಂಟುತ್ತಿದ್ದಾರೆ!

"ನಂಗೆ ಹಳೇ ಮಂಡಿ ನೋವು" ಅಂತ ಏದುಸಿರು ಬಿಡುತ್ತಾ ಹೇಳಿದರು. "ಕುದುರೆ ಯಾವಾಗ್ಲೂ ನನ್ನ ಜೊತೆಗೇ ಇರುತ್ತಲ್ಲ, ನನ್ನನ್ನ ನೋಡಿ ಕಲಿತುಬಿಟ್ಟಿದೆ."

ಜೀಪಿನವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು.

ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ಮುಂದೆ ಬಂದ. "ಅಂಗಾರೆ ನೀವು ಇಲ್ಲೇ ನಿಂತ್ಕಳಿ ಸಾಮಿ. ನಾನು ಇಡ್ಕಂಡು ಓಡ್ತೀನಿ. ನನ್ ಮಂಡಿ ಗಟ್ಟಿಯಾಗೇ ಅದೆ."

ಹತ್ತು ಹೆಜ್ಜೆ ಓಡಿದ. ಕುದುರೆ ಕುಂಟುತ್ತಾ ನಿಂತೇಬಿಟ್ಟಿತು. ಅವನು ಎಳೆಯಲಿಲ್ಲ. ಅದರ ಕುತ್ತಿಗೆ ಸವರಿ, ಮೆಲ್ಲಗೆ ನಡೆಸಿಕೊಂಡು ವಾಪಸ್ಸು ಬಂದ. ನಾನು ಚೀಟಿಯಲ್ಲಿ 'ಅನರ್ಹ' ಅಂತ ಬರೆದೆ.

"ನಿಮ್ಮನ್ನ ವರ್ಗ ಮಾಡಿಸ್ತೀನಿ!" ಅಂತ ಗುಡುಗಿದರು ಸಾಹೇಬರು.

"ಮಾಡಿಸಿ. ಇವತ್ತು ಮಾತ್ರ ನೀವು ಇದನ್ನ ಹತ್ತೋ ಹಾಗಿಲ್ಲ."

ಕುದುರೆಯನ್ನು ಅಲ್ಲೇ ಬಿಟ್ಟು, ದಾಪುಗಾಲು ಹಾಕಿಕೊಂಡು ಜೀಪಿನ ಕಡೆ ಹೊರಟರು. ಕುಂಟೂ ಇಲ್ಲ, ಗಿಂಟೂ ಇಲ್ಲ.

ಮುದುಕ ಬೆರಗಾಗಿ ನೋಡಿದ. ಆಮೇಲೆ ಸಾಹೇಬರಿಗೂ ಕೇಳುವಂತೆ ಕೂಗಿ ಹೇಳಿದ:

"ಡಾಕ್ಟ್ರಮ್ಮ, ಕುದ್ರೆ ಬುಟ್ಟು ದೂರ ಹೋದೇಟ್ಗೆ ಸಾಹೇಬ್ರ ಮಂಡಿ ವಾಸಿ ಆಗೋಯ್ತು ಕನವ್ವ! ಇನ್ನೆರಡು ತಿಂಗ್ಳು ಅವ್ರು ಅಂಗೇ ದೂರ ಇದ್ರೆ ಕುದ್ರೆ ಕಾಲೂ ವಾಸಿ ಆಯ್ತದೆ, ಬರ್ಕಳಿ!"