ಐಫೆಲ್ ಟವರ್ ವಶಪಡಿಸಿಕೊಳ್ಳುವ ಯೋಜನೆ

ಸೈನ್ಯ ಬಿಟ್ಟು ಹನ್ನೊಂದು ವರ್ಷವಾಯಿತು. ಮೀಸೆ ಬೆಳ್ಳಗಾಗಿದೆ, ಬೆಲ್ಟು ಮೂರು ತೂತು ಸಡಿಲವಾಗಿದೆ, ಬೆಳಿಗ್ಗೆ ಐದಕ್ಕೆ ಏಳುವ ಚಟವೂ ಬಿಟ್ಟುಹೋಗಿದೆ. ಬಿಡದೆ ಅಂಟಿಕೊಂಡದ್ದು ಅಲ್ಲಿಯ ಭಾಷೆ ಮಾತ್ರ. ತರಕಾರಿ ತರುವ ಮೊದಲು ನಾನು ಸುತ್ತಲೂ ಕಣ್ಣಾಡಿಸಿ ಅಂಗಡಿಯ 'ರೆಕ್ಕಿ' ಮಾಡುತ್ತೇನೆ, ಊಟಕ್ಕೆ ಕೂತರೆ 'ಪೊಸಿಷನ್ ತಗೊಂಡೆ' ಎನ್ನುತ್ತೇನೆ. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಂಬಿಕೊಂಡಿದ್ದೆ. ಆದ ತೊಂದರೆಯನ್ನು ಯಾರಿಗಾದರೂ ಹೇಳದಿದ್ದರೆ ನನಗೆ ತಲೆ ಕೆಡುತ್ತದೆ. ಕೇಳುವವರು ಸದ್ಯ ಮನೆಯಲ್ಲಿ ಯಾರೂ ಇಲ್ಲ, ಆದ್ದರಿಂದ ನಿಮ್ಮ ತಲೆ ತಿನ್ನುತ್ತಿದ್ದೇನೆ.

ನನ್ನನ್ನು ರಣಧೀರ ಎಂದುಕೊಳ್ಳಬೇಡಿ. ನಾನು ಇದ್ದದ್ದು ಸೈನಿಕರಿಗೆ ದಿನಸಿ ಒದಗಿಸುವ ವಿಭಾಗದಲ್ಲಿ. ನನ್ನ ಕೈಯಲ್ಲಿ ಹಾದುಹೋದ ಅತ್ಯಂತ ಅಪಾಯಕಾರಿ ವಸ್ತುವೆಂದರೆ ಹುಳು ಬಿದ್ದ ತೊಗರಿಬೇಳೆ. ಮೇಜರ್ ಆಗಿ ಹೊರಬಂದೆ. ನನ್ನ ಹೆಂಡತಿ ರೇವತಿ ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು, ನನಗಿಂತ ಒಂದು ಪದವಿ ಮೇಲೇರಿಯೇ ನಿವೃತ್ತಳಾದಳು. ಆಮೇಲೆ ಅವಳಿಗೆ ರಿಯಾದಿನ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಕೆಲಸ ಸಿಕ್ಕಿತು. ನಾನು ಅವಳ ಬಾಲ ಹಿಡಿದು ಮಲಾಜ್ ಬಡಾವಣೆಯ ಈ ಫ್ಲ್ಯಾಟಿಗೆ ಬಂದೆ. ಇಲ್ಲಿ ಉಳಿದವರಿಗೆಲ್ಲ ಹೊಣೆಗಾರನಾಗಿ ಯಾರೋ ಅರಬ್ಬಿ ಕಫೀಲ್ ಇದ್ದರೆ, ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ವಾಸಿಸಲು ಕೊಡುವ ಕಾರ್ಡಿನಲ್ಲಿ, ನನಗೆ ಜವಾಬ್ದಾರಳಾಗಿ ಇರುವವಳು ರೇವತಿ. ಅದೇ ಕಾರ್ಡಿನಲ್ಲಿ 'ಕೆಲಸ ಮಾಡಲು ಅನುಮತಿಯಿಲ್ಲ' ಎಂದು ಅರಬ್ಬಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಪಾತ್ರೆ ತೊಳೆಯುವುದಕ್ಕೆ ಅದು ಲಾಗೂ ಆಗುವುದಿಲ್ಲ ಎಂದು ಅವಳ ವ್ಯಾಖ್ಯಾನ.

ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ನಾವಿಬ್ಬರೂ ಒಟ್ಟಿಗೆ ಒಂದು ಪ್ರವಾಸ ಹೋದವರಲ್ಲ. ನಾನು ಲೇಹ್‌ನಲ್ಲಿದ್ದಾಗ ಅವಳು ಪುಣೆಯಲ್ಲಿ, ನಾನು ಪುಣೆಗೆ ಬಂದಾಗ ಅವಳು ಜೋರ್ಹಾಟ್‌ನಲ್ಲಿ. ರಜೆ ಒಮ್ಮೆಯೂ ಕೂಡಿಬರಲಿಲ್ಲ. ಯುರೋಪು ನೋಡಬೇಕೆಂದು ಅವಳಿಗೆ ಮೊದಲಿನಿಂದಲೂ ಆಸೆ. ಈ ಡಿಸೆಂಬರಿಗೆ ಅವಳ ಕಾಂಟ್ರಾಕ್ಟ್ ಮುಗಿಯುತ್ತದೆ, ಆಮೇಲೆ ನಮ್ಮೂರು ಬ್ರಹ್ಮಾವರಕ್ಕೆ ವಾಪಸ್. ಅವಳಿಗೆ ಮಂಡಿ ನೋವೂ ಶುರುವಾಗಿದೆ. "ಈಗ ಹೋಗದಿದ್ದರೆ ಮತ್ತೆ ಇಲ್ಲ ಮಾರಾಯ್ರೆ. ನನಗೆ ಹದಿನೈದು ದಿನ ರಜೆ ಉಂಟು. ನೀವು ಎಲ್ಲ ನೋಡಿಕೊಳ್ಳಿ," ಎಂದಳು.

ನೋಡಿಕೊಳ್ಳಿ ಎಂದದ್ದೇ ತಪ್ಪಾಯಿತು. ಹನ್ನೊಂದು ವರ್ಷದಿಂದ ಒಂದು ಆರ್ಡರಿಗಾಗಿ ಬಾಯಿಬಿಟ್ಟುಕೊಂಡಿದ್ದವನು ನಾನು.

ವೀಸಾ ಅರ್ಜಿಗಳನ್ನು ತುಂಬಿಕೊಟ್ಟವರು ಇಸ್ಮಾಯಿಲ್ ಸಾಹೇಬರು. ಭಟ್ಕಳದವರು, ನಮ್ಮ ಬೀದಿಯ ಕೊನೆಯಲ್ಲಿ ಮೂವತ್ತು ವರ್ಷದಿಂದ ಟ್ರಾವೆಲ್ಸ್ ಇಟ್ಟುಕೊಂಡಿದ್ದಾರೆ. ಯಾವ ದಿನ ಎಲ್ಲಿರುತ್ತೀರಿ ಎಂದು ಇಬ್ಬರೂ ಒಂದೊಂದು ಹಾಳೆ ಬರೆದು ಲಗತ್ತಿಸಬೇಕು, ಅಷ್ಟೇ ಬಾಕಿ ಎಂದರು. ರೇವತಿ ಡ್ಯೂಟಿಗೆ ಹೊರಡುವ ಮೊದಲು ನಿಂತುಕೊಂಡೇ ನಾಲ್ಕು ಸಾಲು ಗೀಚಿದಳು. ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡ್, ಅಲ್ಲಿಂದ ರೋಮ್. ಉದ್ದೇಶ, ನೋಡುವುದು. ನಾನು ಅದನ್ನು ಓದಿ ಮನಸ್ಸಿನಲ್ಲೇ ನಕ್ಕೆ. ನನ್ನದು ಹದಿನಾಲ್ಕು ಪುಟವಾಯಿತು, ನಕ್ಷೆಗಳು ಬೇರೆ. ಬರೆಯುತ್ತ ಹೋದಂತೆ ಮೈಗೆ ಯೂನಿಫಾರ್ಮು ಬಂದ ಹಾಗಾಯಿತು. ಮುಗಿದ ಮೇಲೆ ಲಕೋಟೆಗೆ ಅರಗು ಹಾಕಿ, ಮೇಲೆ 'ಗೋಪ್ಯ' ಎಂದು ಬರೆದು, ಇಸ್ಮಾಯಿಲ್ ಸಾಹೇಬರಿಗೂ ತೋರಿಸದೆ ವೀಸಾ ಕೇಂದ್ರದ ಕಿಟಕಿಯಲ್ಲಿ ಕೊಟ್ಟುಬಂದೆ. ಅರಗು ಸಿಗಲಿಕ್ಕೆ ಇಡೀ ಬತ್ಹಾ ಪೇಟೆ ಸುತ್ತಿದ್ದೆ.

ಮೂರು ವಾರಕ್ಕೆ ಪಾಸ್‌ಪೋರ್ಟುಗಳು ಬಂದವು. ಅವಳದರಲ್ಲಿ ವೀಸಾ ಇತ್ತು. ನನ್ನದರಲ್ಲಿ ಒಂದು ಕಾಗದ ಇತ್ತು. ಈ ಅರ್ಜಿದಾರರ ಪ್ರವೇಶದಿಂದ ಸಾರ್ವಜನಿಕ ಸುರಕ್ಷತೆಗೆ ಅಪಾಯವಿದೆ ಎಂದು ಭಾವಿಸಲಾಗಿದೆ, ಎಂದು ಅದರ ಸಾರಾಂಶ.

ಇಸ್ಮಾಯಿಲ್ ಸಾಹೇಬರು ಕನ್ನಡಕ ಹಾಕಿಕೊಂಡು ನನ್ನ ಹದಿನಾಲ್ಕು ಪುಟದ ನಕಲನ್ನು ತರಿಸಿಕೊಂಡು ಓದಿದರು. ಓದುತ್ತ ಅವರ ಮುಖದ ಬಣ್ಣ ಇಳಿಯಿತು.

"ಮೇಜರ್ ಸಾಬ್, ಇದು ಎಂತ ನೀವು ಬರೆದದ್ದು? ಮೊದಲ ದಿನ, ಟಾರ್ಗೆಟ್ ಐಫೆಲ್ ಟವರ್. ಎಂಟು ಗಂಟೆಗೆ ಕೆಳಗೆ ಪೊಸಿಷನ್. ಎರಡು ಬದಿಯಿಂದ ಶೂಟ್ ಮಾಡುವುದು. ಒಂಬತ್ತೂವರೆಗೆ ಕ್ಯಾಪ್ಚರ್."

"ಫೋಟೋ," ಎಂದೆ. "ಶೂಟ್ ಅಂದ್ರೆ ಫೋಟೋ."

"ಅವರಿಗೆ ಹೇಗೆ ಗೊತ್ತಾಗ್ತದೆ? ಇಲ್ಲಿ ನೋಡಿ, 'ನದಿಯ ಸೇತುವೆಗಳ ರೆಕ್ಕಿ, ನಂತರ ಗುಂಪಿನಲ್ಲಿ ಕರಗಿ ವಿತ್‌ಡ್ರಾ.' ಮಾಜಿ ಫೌಜಿ ಅಂತ ಬೇರೆ ಹಾಕಿದ್ದೀರಿ. ನಿಮ್ಮನ್ನು ಹಿಡಿದುಕೊಂಡು ಹೋಗದ್ದೇ ದೊಡ್ಡದು, ಅಲ್ಲಾನ ದಯೆ."

ನನ್ನ ಜೊತೆ ಬಂದಿದ್ದ ರೇವತಿ ಆ ಹಾಳೆಗಳನ್ನು ಅವರ ಕೈಯಿಂದ ತೆಗೆದುಕೊಂಡು ಒಂದೊಂದಾಗಿ ಓದಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಳೆಗಳನ್ನು ಮಡಚಿ ನನ್ನ ಜೇಬಿಗೆ ಇಟ್ಟಳು.

ನನ್ನ ಮನಸ್ಸಿನಲ್ಲಿ ಒಂದು ದುರಾಸೆ ಇತ್ತು, ಒಪ್ಪಿಕೊಳ್ಳುತ್ತೇನೆ. 'ನೀವಿಲ್ಲದೆ ನಾನೊಬ್ಬಳೇ ಎಂತ ಹೋಗುವುದು' ಎಂದು ಅವಳು ಹೇಳುತ್ತಾಳೆ, ಆಗ ನಾನು ದೊಡ್ಡ ಮನಸ್ಸು ಮಾಡಿ 'ಇಲ್ಲ, ನೀನು ಹೋಗು' ಎನ್ನುತ್ತೇನೆ, ಅವಳು ಕಣ್ಣೀರು ಹಾಕುತ್ತಾಳೆ, ಇಬ್ಬರೂ ಇಲ್ಲೇ ಉಳಿದು ಉನೈಜಾದ ಖರ್ಜೂರದ ಸಂತೆಯನ್ನಾದರೂ ನೋಡಿಬರುತ್ತೇವೆ. ಹೀಗೆಲ್ಲ ಲೆಕ್ಕ ಹಾಕಿಕೊಂಡು ಎರಡು ದಿನ ಕಾದೆ. ಮೂರನೆಯ ದಿನ ಚಹಾ ಕುಡಿಯುತ್ತ ಅವಳು ಕೇಳಿದಳು, "ದೊಡ್ಡ ಸೂಟ್‌ಕೇಸಿನ ಬೀಗದಕೈ ಎಲ್ಲಿಟ್ಟಿದ್ದೀರಿ?"

ನನಗೆ ದುಃಖವಾಯಿತು. ತಮಾಷೆಗೆ ಹೇಳುತ್ತಿಲ್ಲ. ವಿಮಾನ ನಿಲ್ದಾಣದಲ್ಲಿ ಅವಳು ಒಳಗೆ ಹೋದ ಮೇಲೆ ಕಾರಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಇಷ್ಟು ವರ್ಷ ಬೇರೆ ಬೇರೆ ಊರಲ್ಲಿ ಇದ್ದಾಗಲೂ ಸರ್ಕಾರವನ್ನು ಬೈದುಕೊಳ್ಳಬಹುದಿತ್ತು. ಈ ಸಲ ಬೈಯಲು ನನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ.

ಫೋನು ದಿನಾ ಬರುತ್ತದೆ. ನಿನ್ನೆ ಮಧ್ಯಾಹ್ನವೂ ಬಂತು. ಅಭ್ಯಾಸಬಲದಿಂದ ನನ್ನ ಯೋಜನೆಯ ಮೂರನೆಯ ಪುಟ ಬಿಡಿಸಿಕೊಂಡು ಕೂತೆ. ಅದರ ಪ್ರಕಾರ ಅಷ್ಟು ಹೊತ್ತಿಗೆ ಎರಡು ಮ್ಯೂಸಿಯಂ, ಒಂದು ಚರ್ಚು ಮುಗಿದು, ನಾವು ಮೂರನೆಯ ಮ್ಯೂಸಿಯಂ ಕಡೆಗೆ ವೇಗದ ನಡಿಗೆಯಲ್ಲಿ ಇರಬೇಕಿತ್ತು.

"ಎಲ್ಲೆಲ್ಲಿ ಆಯಿತು?" ಎಂದು ಕೇಳಿದೆ.

"ಎಲ್ಲಿಯೂ ಇಲ್ಲ. ಒಂಬತ್ತಕ್ಕೆ ಎದ್ದೆ. ಇಲ್ಲಿ ನದಿ ಬದಿ ಒಂದು ಬೆಂಚು ಉಂಟು. ಆಗಿನಿಂದ ಇಲ್ಲೇ ಕೂತಿದ್ದೇನೆ. ಜನ ಹೋಗ್ತಾರೆ, ಬರ್ತಾರೆ, ನಾಯಿ ಹಿಡ್ಕೊಂಡು. ಎಂತ ಚಂದ ಗೊತ್ತುಂಟಾ." ಅವಳು ನಕ್ಕಳು. ಅಂಥ ನಗುವನ್ನು ನಾನು ಬಹಳ ವರ್ಷದಿಂದ ಕೇಳಿರಲಿಲ್ಲ.

ಹದಿನಾಲ್ಕು ಪುಟಗಳನ್ನೂ ತಿರುವಿದೆ. ಅವಳ ಮಂಡಿ ಇರುವ ಸ್ಥಿತಿ ಗೊತ್ತಿದ್ದೂ ಎಲ್ಲಿಯೂ ಹತ್ತು ನಿಮಿಷ ಕೂರುವುದಕ್ಕೆ ಸಮಯ ಇಟ್ಟಿರಲಿಲ್ಲ.

"ನಾನಿಲ್ಲದ್ದು ಬೇಜಾರಾಗ್ತದಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಆಗ್ತದೆ, ಆಗ್ತದೆ. ಬೇಜಾರಾಗದೆ ಇರ್ತದಾ?" ಎಂದಳು. ಮೂವತ್ತು ವರ್ಷ ಅವಳು ಸೂಜಿ ಚುಚ್ಚುವ ಮೊದಲು ಜವಾನರಿಗೆ 'ಏನೂ ನೋವಾಗುವುದಿಲ್ಲ' ಎನ್ನುತ್ತಿದ್ದಳಲ್ಲ, ಅದೇ ಮೆತ್ತನೆಯ ಧ್ವನಿ. ನಾನೂ ಆ ಜವಾನರ ಹಾಗೆಯೇ ಹಲ್ಲುಕಚ್ಚಿ, ನಂಬಿದವನಂತೆ, ಹೂಂ ಎಂದೆ.